ಕೈ ಬಲ್ಲ ಬಾಲ್ಯ

ಕಾಲೇಜಿಗೆ ಸೇರುವ ಅರ್ಜಿಯಲ್ಲಿ, ಕೆಲಸ ಕೋರುವ ಅರ್ಜಿಯಲ್ಲಿ, ಮದುವೆಯ ಮಾತುಕತೆಗೆಂದು ಕಳುಹಿಸುವ ವಿವರಪಟ್ಟಿಯಲ್ಲಿ ಕೂಡ ‘ಹವ್ಯಾಸಗಳು’ ಎಂಬ ಒಂದು ಕಲಮು ಇರುತ್ತದೆ. ಹೆಸರು, ವಿಳಾಸ, ಜನ್ಮದಿನಾಂಕಗಳನ್ನು ಸರಾಗವಾಗಿ ಬರೆದುಕೊಂಡು ಬಂದ ಲೇಖನಿ ಈ ಕಲಮಿನ ಮುಂದೆ ಒಂದು ಗಳಿಗೆ ನಿಲ್ಲುತ್ತದೆ. ಅನಂತರ ಎಲ್ಲರೂ ಬರೆಯುವುದನ್ನೇ ಬರೆದು ಮುಂದೆ ಸಾಗುತ್ತದೆ: ಪುಸ್ತಕ ಓದುವುದು, ಸಂಗೀತ ಕೇಳುವುದು, ಪ್ರವಾಸ ಹೋಗುವುದು. ಹಾಸನದ ಸೀಮೆಯಲ್ಲಿ ಹಲವು ವರ್ಷಗಳಿಂದ ಕನ್ನಡ ಪಾಠ ಹೇಳುತ್ತಿರುವ ನಾನು ಇಂಥ ಅರ್ಜಿಗಳನ್ನು ನೂರಾರು ನೋಡಿದ್ದೇನೆ. ಓದುವುದೇ ತಮ್ಮ ಹವ್ಯಾಸವೆಂದು ಬರೆದವರೆಲ್ಲ ನಿಜವಾಗಿಯೂ ಓದುತ್ತಿದ್ದರೆ ನಾಡಿನ ಗ್ರಂಥಾಲಯಗಳಲ್ಲಿ ಕೂರಲು ಜಾಗ ಸಿಕ್ಕುತ್ತಿರಲಿಲ್ಲ. ಆದರೆ ಇದರಲ್ಲಿ ಸುಳ್ಳು ಹೇಳುವ ಉದ್ದೇಶವೇನೂ ಇರಲಾರದು. ನಿನಗೆ ಯಾವುದು ಇಷ್ಟವೆಂದು ಅವರನ್ನು ಅದುವರೆಗೆ ಯಾರೂ ಕೇಳಿರುವುದಿಲ್ಲ; ಥಟ್ಟನೆ ಕೇಳಿದಾಗ ಉತ್ತರ ಒದಗುವುದಿಲ್ಲ, ಅಷ್ಟೆ.

ಇದೇ ಹುಡುಗ ಹುಡುಗಿಯರಿಗೆ ‘ನನ್ನ ಬಾಲ್ಯ’ ಎಂಬ ವಿಷಯ ಕೊಟ್ಟು ಪ್ರಬಂಧ ಬರೆಯಿರೆಂದರೆ ಇನ್ನೊಂದು ಸೋಜಿಗ ಕಾಣುತ್ತದೆ. ಅರವತ್ತು ಮಂದಿ ಬರೆದ ಅರವತ್ತು ಪ್ರಬಂಧಗಳಲ್ಲಿ ಒಂದೇ ಬಾಲ್ಯ. ಅಲ್ಲಿ ಅಜ್ಜಿ ಕಥೆ ಹೇಳುತ್ತಾಳೆ, ಮಳೆಯ ನೀರಿನಲ್ಲಿ ಕಾಗದದ ದೋಣಿ ತೇಲುತ್ತದೆ, ಮಾವಿನ ತೋಪಿನಲ್ಲಿ ಕಲ್ಲು ಹಾರುತ್ತದೆ, ಕಟ್ಟಕಡೆಗೆ ‘ಆ ದಿನಗಳು ಮತ್ತೆ ಬಾರವು’ ಎಂಬ ನಿಟ್ಟುಸಿರು ಬರುತ್ತದೆ. ಹೇಮಾವತಿಯ ದಡದ ಹುಡುಗನಿಗೂ ಚನ್ನರಾಯಪಟ್ಟಣದ ಬಯಲಿನ ಹುಡುಗಿಗೂ ಈ ಬಾಲ್ಯ ಸಮಾನವಾಗಿ ಒಪ್ಪುತ್ತದೆ, ಏಕೆಂದರೆ ಅದು ಇಬ್ಬರದೂ ಅಲ್ಲ. ಹತ್ತೊಂಬತ್ತು ವರ್ಷದ ತರುಣನಿಗೆ ತನ್ನದೇ ಒಂಬತ್ತನೆಯ ವರ್ಷ ಕೇಳಿ ತಿಳಿದ ವಾರ್ತೆಯಂತಾಗಿದೆ ಎಂದರೆ ಉಪಾಧ್ಯಾಯನಾದವನು ಅದನ್ನು ನಕ್ಕು ಬಿಡುವಂತಿಲ್ಲ.

ಇದು ಎಳೆಯರ ಕೊರತೆ ಮಾತ್ರವೆಂದು ತಿಳಿಯಬಾರದು. ನಲವತ್ತು, ಐವತ್ತು ದಾಟಿದ ಗೆಳೆಯರು ಸಂಜೆ ವಾಕಿಂಗಿನಲ್ಲಿ ಜೊತೆಯಾದಾಗ ಒಮ್ಮೊಮ್ಮೆ ಇದೇ ಮಾತು ಬರುತ್ತದೆ. ಹಳೆಯ ಭಾವಚಿತ್ರದಲ್ಲಿ ಚಡ್ಡಿ ತೊಟ್ಟು ನಿಂತಿರುವ ಹುಡುಗ ತಾನೇ ಎಂದು ಅವರಿಗೆ ಗೊತ್ತು. ಆದರೆ ಆ ಹುಡುಗನಾಗಿ ತಾನಿದ್ದೆ ಎಂಬ ಭಾವ ಒಳಗಿನಿಂದ ಏಳುವುದಿಲ್ಲ. ಓದಿದ ಕಾದಂಬರಿಯೊಂದರ ಪಾತ್ರವನ್ನು ಬಲ್ಲಂತೆ ಅವನನ್ನು ಬಲ್ಲರು. ದುಃಖವೇನೂ ಇಲ್ಲ, ಯಾವ ಆಘಾತವೂ ನಡೆದಿಲ್ಲ. ಆದರೂ ನಡುವೆ ಎಲ್ಲೋ ಒಂದು ಸೇತುವೆ ಕಳಚಿದೆ. ನನಗೂ ಹೀಗನ್ನಿಸಿದ್ದುಂಟು. ಖಾಲಿ ಉಳಿಯುವ ಹವ್ಯಾಸದ ಕಲಮಿಗೂ ಕಳಚಿದ ಈ ಸೇತುವೆಗೂ ಸಂಬಂಧವಿದೆ ಎಂಬುದು ಈಚಿನ ದಿನಗಳಲ್ಲಿ ನನಗೆ ದೃಢವಾಗುತ್ತಿರುವ ವಿಚಾರ. ಅದನ್ನು ವಾಚಕರ ಮುಂದಿಡುವುದಷ್ಟೇ ಈ ಬರೆಹದ ಉದ್ದೇಶ.

ಮೊದಲು ಪದದ ಮಾತು. ‘ಹವ್ಯಾಸ’ವೆಂಬುದು ಮರಾಠಿಯಲ್ಲಿಯೂ ಇದೆ; ಅಲ್ಲಿ ಅದಕ್ಕೆ ಅತಿಯಾಸೆ, ಲೋಭ ಎಂಬ ಅರ್ಥ. ಕನ್ನಡದಲ್ಲಿ ಅದು ಸೌಮ್ಯವಾಗಿ, ಬಿಡುವಿನ ವೇಳೆಯ ಒಲವು ಎಂಬ ಅರ್ಥದಲ್ಲಿ ನೆಲೆಗೊಂಡಿದೆ. ಅದರ ಅಕ್ಕಪಕ್ಕದಲ್ಲಿ ನಮ್ಮವರು ಇನ್ನೂ ಎಷ್ಟೋ ಪದಗಳನ್ನು ಇಟ್ಟುಕೊಂಡಿದ್ದಾರೆ: ಚಟ, ಗೀಳು, ಹುಚ್ಚು, ಖಯಾಲಿ, ಶೋಕಿ. ಒಬ್ಬನು ಅಂಚೆಚೀಟಿ ಕೂಡಿಸಿದರೆ ಹವ್ಯಾಸ. ಅದಕ್ಕಾಗಿ ಊಟ ಬಿಟ್ಟರೆ ಗೀಳು. ಸಾಲ ಮಾಡಿದರೆ ಹುಚ್ಚು. ಈ ಎಲ್ಲ ಪದಗಳಿಗೂ ಸಾಮಾನ್ಯವಾದದ್ದು ಒಂದಿದೆ. ಯಾರ ಬಲವಂತವೂ ಇಲ್ಲದೆ, ಕೂಲಿಯ ಆಸೆಯೂ ಇಲ್ಲದೆ, ಮನುಷ್ಯನು ಮತ್ತೆ ಮತ್ತೆ ಕೈಹಾಕುವ ಕೆಲಸ ಅದು. ‘ಮತ್ತೆ ಮತ್ತೆ’ ಎಂಬುದನ್ನು ಮರೆಯಬಾರದು. ನಮ್ಮ ತರ್ಕಶಾಸ್ತ್ರಜ್ಞರು ಸ್ಮೃತಿಯೆಂದರೆ ಸಂಸ್ಕಾರದಿಂದ ಮಾತ್ರ ಹುಟ್ಟುವ ಅರಿವು ಎಂದು ಹೇಳಿದರು. ಹಿಂದಿನ ಅನುಭವ ಒಳಗೆ ಉಳಿಸಿಹೋದ ಗುರುತೇ ಆ ಸಂಸ್ಕಾರ. ಹೊಲದ ಮೇಲೆ ಒಮ್ಮೆ ನಡೆದರೆ ಗುರುತು ಉಳಿಯುವುದಿಲ್ಲ. ದಿನವೂ ನಡೆದರೆ ಕಾಲುದಾರಿಯಾಗುತ್ತದೆ.

ನೆನಪಿನ ವಿಷಯದಲ್ಲಿ ಪಶ್ಚಿಮದ ವಿದ್ವಾಂಸರು ಕಂಡುಕೊಂಡ ಕೆಲವು ಸಂಗತಿಗಳು ಇಲ್ಲಿ ನಮಗೆ ಸಹಾಯಕ್ಕೆ ಬರುತ್ತವೆ. ಮೊದಲ ಮೂರು ವರ್ಷಗಳ ಘಟನೆಗಳು ಬಹುಮಟ್ಟಿಗೆ ಯಾರಿಗೂ ನೆನಪಿರುವುದಿಲ್ಲ. ಶೈಶವದ ಈ ಮರೆವನ್ನು ಫ್ರಾಯ್ಡ್ ೧೯೦೫ರಲ್ಲಿಯೇ ಚರ್ಚಿಸಿದನು. ಕೇಂಬ್ರಿಜ್ಜಿನ ಬಾರ್ಟ್ಲೆಟ್ ಎಂಬ ಮನಶ್ಶಾಸ್ತ್ರಜ್ಞನು ೧೯೩೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇನ್ನೊಂದು ಪ್ರಯೋಗವನ್ನು ವಿವರಿಸಿದ್ದಾನೆ. ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಜನಪದ ಕಥೆಯನ್ನು ಇಂಗ್ಲಿಷ್ ಓದುಗರಿಗೆ ಕೊಟ್ಟು, ಕಾಲ ಕಳೆದಂತೆ ಮತ್ತೆ ಮತ್ತೆ ಹೇಳಿಸಿದನು. ಅವರಿಗೆ ಪರಿಚಯವಿಲ್ಲದ ವಿವರಗಳೆಲ್ಲ ಒಂದೊಂದಾಗಿ ಉದುರಿದುವು. ಕಾಡಿನ ಜನರ ದೋಣಿ ಇಂಗ್ಲೆಂಡಿನ ದೋಣಿಯಾಯಿತು. ಕಥೆ ಅವರ ನಾಡಿನ ಕಥೆಯಂತೆಯೇ ಆಯಿತು. ನೆನಪು ಪೆಟ್ಟಿಗೆಯಲ್ಲಿಟ್ಟ ಚಿತ್ರವಲ್ಲ, ಪ್ರತಿಸಲವೂ ಹೊಸದಾಗಿ ಕಟ್ಟುವ ಮನೆ ಎಂಬುದು ಅವನ ತೀರ್ಮಾನ. ನನ್ನ ವಿದ್ಯಾರ್ಥಿಗಳ ಪ್ರಬಂಧಗಳಿಗೂ ಆಗಿರುವುದು ಇದೇ. ಬಾಲ್ಯವನ್ನು ಹೇಳುವ ಸಿದ್ಧವಾದ ಮಾದರಿಯೊಂದು ಪಠ್ಯಪುಸ್ತಕದಿಂದಲೋ ಚಲಚ್ಚಿತ್ರದಿಂದಲೋ ದೊರೆತಿದೆ; ಅದಕ್ಕೆ ಹೊಂದದ ಸ್ವಂತ ವಿವರಗಳು ತಾವಾಗಿಯೇ ಉದುರಿಹೋಗಿವೆ.

ನಮ್ಮ ಜಿಲ್ಲೆಯಲ್ಲಿಯಾದರೋ ಬಾಲ್ಯದ ನೆಲವೇ ಕಣ್ಣಿಗೆ ಮರೆಯಾದ ಪ್ರಸಂಗವೊಂದಿದೆ. ಗೊರೂರಿನ ಬಳಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು ೧೯೭೯ರಲ್ಲಿ ಪೂರ್ಣಗೊಂಡಿತು. ಅದರ ನಾಲೆಗಳಿಂದ ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಎಷ್ಟೋ ಒಣನೆಲ ಹಸುರಾಯಿತು. ಆ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ಅಣೆಕಟ್ಟಿನ ಮೇಲ್ಭಾಗದ ಹಳ್ಳಿಗಳು ನೀರಿನಡಿಗೆ ಸೇರಿದುವು. ಜನ ಗಂಟುಮೂಟೆ ಕಟ್ಟಿಕೊಂಡು ಹೊಸ ಊರುಗಳಿಗೆ ಹೋದರು. ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಪಾದ್ರಿಗಳು ೧೮೬೦ರ ದಶಕದಲ್ಲಿ ಕಟ್ಟಿಸಿದ ಇಗರ್ಜಿಯ ಗೋಡೆಗಳು ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಗೆಯಲ್ಲಿ ನೀರು ಇಳಿದಾಗ ಬುಡದವರೆಗೂ ಕಾಣುತ್ತವೆ. ನೋಡಲು ಬರುವವರು ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಆ ಸುತ್ತಿನಲ್ಲಿ ಹುಟ್ಟಿ ಬೆಳೆದವರಿಗೆ ಅದು ಬರಿಯ ದೃಶ್ಯವಲ್ಲ.

ಕನ್ನಡದಲ್ಲಿ ‘ನೆನೆ’ ಎಂಬುದಕ್ಕೆ ಎರಡು ಅರ್ಥ: ಸ್ಮರಿಸು, ಒದ್ದೆಯಾಗು. ತಮಿಳಿನಲ್ಲಿ ಇವು ‘ನಿನೈ’, ‘ನನೈ’ ಎಂದು ಬೇರೆಬೇರೆಯಾಗಿಯೇ ಉಳಿದಿವೆ. ನಮ್ಮಲ್ಲಿ ಧ್ವನಿ ಕೂಡಿಕೊಂಡು ಒಂದೇ ರೂಪ ತಾಳಿವೆ. ಹೇಮಾವತಿಯ ಹಿನ್ನೀರಿನ ಅಂಚಿನಲ್ಲಿ ನಿಂತಾಗ ಈ ಭಾಷಾಶಾಸ್ತ್ರದ ಆಕಸ್ಮಿಕ ಒಂದಿಷ್ಟು ಹೆಚ್ಚಾಗಿಯೇ ಮನಸ್ಸಿಗೆ ತಾಗುತ್ತದೆ. ಅಲ್ಲಿನ ಮಕ್ಕಳ ಬಿಡುವಿನ ಹೊತ್ತೆಲ್ಲ ಹೊಳೆಯದೇ ಆಗಿತ್ತು. ಈಜು, ಗಾಳ, ಮರಳಿನಲ್ಲಿ ಒರತೆ ತೋಡುವುದು, ಚಪ್ಪಟೆಯ ಕಲ್ಲನ್ನು ನೀರಿನ ಮೇಲೆ ಕುಪ್ಪಳಿಸುವಂತೆ ಎಸೆಯುವುದು, ಇವಕ್ಕೆಲ್ಲ ಹರಿಯುವ ಹೊಳೆ ಬೇಕು, ಮರಳಿನ ದಡ ಬೇಕು, ಮೊಣಕಾಲುದ್ದದ ನೀರು ಬೇಕು. ನಿಂತ ಜಲಾಶಯದ ಆಳದಲ್ಲಿ ಇವೊಂದೂ ಸಾಧ್ಯವಿಲ್ಲ. ಆದ್ದರಿಂದ ಊರನ್ನು ಕಳೆದುಕೊಂಡವರು ಮನೆ ಹೊಲಗಳ ಜೊತೆಗೆ ಮಕ್ಕಳ ಕೈಕಾಲುಗಳ ವಿದ್ಯೆಯನ್ನೂ ಬಿಟ್ಟುಬಂದರು. ಪರಿಹಾರದ ಲೆಕ್ಕದಲ್ಲಿ ಅದನ್ನು ಸೇರಿಸಲು ಯಾವ ಕಲಮೂ ಇರಲಾರದು.

ಗೊರೂರಿನ ಹೆಸರನ್ನು ಸಾಹಿತ್ಯದಲ್ಲಿ ನಿಲ್ಲಿಸಿದವರು ರಾಮಸ್ವಾಮಿ ಅಯ್ಯಂಗಾರ್ಯರು (೧೯೦೪–೧೯೯೧). ಅವರ ‘ಹಳ್ಳಿಯ ಚಿತ್ರಗಳು’ ಪ್ರಕಟವಾದದ್ದು ೧೯೩೦ರಲ್ಲಿ, ಅಣೆಕಟ್ಟು ಮುಗಿಯುವುದಕ್ಕೆ ಅರ್ಧ ಶತಮಾನದ ಹಿಂದೆ. ‘ಹೇಮಾವತಿ’ ಎಂಬ ಹೆಸರಿನಲ್ಲಿಯೇ ಅವರು ಒಂದು ಕಾದಂಬರಿಯನ್ನೂ ಬರೆದರು. ಆ ಹೊಳೆ ಕಟ್ಟೆಯೊಳಗೆ ನಿಂತದ್ದನ್ನೂ ಕಣ್ಣಾರೆ ಕಂಡರು. ಅವರನ್ನು ಓದುವಾಗ ನಾನು ಗಮನಿಸಿರುವುದು ಇಷ್ಟು. ಬಾಲ್ಯ ಸುಂದರವಾಗಿತ್ತೆಂದು ಹೇಳುತ್ತ ಅವರು ಕೂರುವುದಿಲ್ಲ. ಯಾರು ಏನು ಮಾಡುತ್ತಿದ್ದರು, ಹೇಗೆ ಮಾಡುತ್ತಿದ್ದರು, ಮಾಡುವಾಗ ಏನು ತಮಾಷೆ ನಡೆಯಿತು ಎಂದು ಹೇಳುತ್ತಾರೆ. ಮಾಡುವ ಕೆಲಸದ ವಿವರವಿರುವಲ್ಲಿ ಕಾಲ ತಾನಾಗಿಯೇ ಹಿಂತಿರುಗುತ್ತದೆ. ಭಾವದ ವರ್ಣನೆ ಮಾತ್ರ ಇರುವಲ್ಲಿ ಅದು ಬಾಗಿಲಾಚೆಯೇ ನಿಲ್ಲುತ್ತದೆ.

ಇದು ಸಾಹಿತ್ಯದ ಗುಟ್ಟಷ್ಟೇ ಅಲ್ಲ, ದೇಹದ ಗುಟ್ಟೂ ಹೌದು. ಅಮೆರಿಕದಲ್ಲಿ ೧೯೫೩ರಲ್ಲಿ ಹೆನ್ರಿ ಮೊಲೈಸನ್ ಎಂಬ ತರುಣನಿಗೆ ಮೂರ್ಛೆರೋಗದ ನಿವಾರಣೆಗಾಗಿ ಮಿದುಳಿನ ಶಸ್ತ್ರಚಿಕಿತ್ಸೆ ನಡೆಯಿತು. ಮೂರ್ಛೆ ತಗ್ಗಿತು, ಆದರೆ ಅವನಲ್ಲಿ ಹೊಸ ನೆನಪು ನಿಲ್ಲುವುದೇ ತಪ್ಪಿಹೋಯಿತು. ಗಳಿಗೆಯ ಹಿಂದೆ ಮಾತನಾಡಿಸಿದವರನ್ನೂ ಗುರುತಿಸಲಾರದಾದನು. ಬ್ರೆಂಡಾ ಮಿಲ್ನರ್ ಎಂಬ ವಿದುಷಿ ಅವನಿಗೆ ಒಂದು ಅಭ್ಯಾಸ ಕೊಟ್ಟಳು: ಕನ್ನಡಿಯಲ್ಲಿ ಮಾತ್ರ ನೋಡುತ್ತ ನಕ್ಷತ್ರದ ಆಕೃತಿಯ ಗೆರೆಗಳ ನಡುವೆ ಪೆನ್ಸಿಲನ್ನು ನಡೆಸಬೇಕು. ಮೊದಲ ದಿನ ಕೈ ತಪ್ಪಿತು. ಮೂರನೆಯ ದಿನದ ಹೊತ್ತಿಗೆ ಸಲೀಸಾಗಿ ಬಂತು. ಆದರೆ ಪ್ರತಿದಿನವೂ ಅವನಿಗೆ ಇದು ಮೊದಲನೆಯ ಸಲವೆಂದೇ ತೋರುತ್ತಿತ್ತು. ಮಿಲ್ನರ್ ಇದನ್ನು ೧೯೬೨ರಲ್ಲಿ ಪ್ರಕಟಿಸಿದಳು. ಘಟನೆಯ ನೆನಪು ಬೇರೆ, ಕೈಯ ನೆನಪು ಬೇರೆ; ಒಂದು ಅಳಿದರೂ ಇನ್ನೊಂದು ಉಳಿಯಬಲ್ಲುದು ಎಂಬುದು ಹೀಗೆ ತಿಳಿದುಬಂತು. ೨೦೦೮ರಲ್ಲಿ ತೀರಿಕೊಂಡ ಮೊಲೈಸನ್ ವಿಜ್ಞಾನಕ್ಕೆ ಕೊಟ್ಟುಹೋದ ದೊಡ್ಡ ಕಾಣಿಕೆ ಇದು.

ಇದನ್ನು ನಾನು ಓದಿದ್ದು ಮೊದಲು, ಕಂಡದ್ದು ಆಮೇಲೆ. ಅರಕಲಗೂಡು ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಮ್ಮ ದೊಡ್ಡಮ್ಮ ಇದ್ದಾರೆ. ಎಂಬತ್ತು ದಾಟಿದೆ, ಮರೆವು ಬಂದು ಕೆಲವು ವರ್ಷಗಳಾದುವು. ಮನೆಯವರ ಹೆಸರುಗಳು ಅದಲುಬದಲಾಗುತ್ತವೆ, ಉಂಡದ್ದು ನೆನಪಿರುವುದಿಲ್ಲ. ನನ್ನನ್ನು ಕಂಡರೆ ತೀರಿಹೋದ ನಮ್ಮ ತಂದೆಯ ಹೆಸರು ಹಿಡಿದು ಕರೆಯುತ್ತಾರೆ. ಒಂದು ದಸರೆಯ ರಜೆಯಲ್ಲಿ ಹೋಗಿದ್ದಾಗ ನನ್ನ ಎಂಟು ವರ್ಷದ ಮಗಳು ಅಟ್ಟದ ಮೇಲಿನಿಂದ ಅಳಗುಳಿ ಮಣೆಯನ್ನು ಇಳಿಸಿಕೊಂಡು ಬಂದಳು. ಎರಡು ಸಾಲು, ಸಾಲಿಗೆ ಏಳು ಗುಳಿ. ಎಣ್ಣೆ ಕುಡಿದು ಕಪ್ಪಾದ ಹಲಸಿನ ಮರ. ಆಡುವುದು ಹೇಗೆಂದು ಮಗುವಿಗೂ ತಿಳಿಯದು, ನನಗೂ ಸರಿಯಾಗಿ ನೆನಪಿಲ್ಲ. ಹುಣಸೆಬೀಜ ತಂದು ಸುಮ್ಮನೆ ಮುಂದಿಟ್ಟೆವು. ದೊಡ್ಡಮ್ಮ ಒಂದು ಗುಳಿಯ ಬೀಜವನ್ನೆಲ್ಲ ಬಾಚಿ, ಎಣಿಸದೆ, ನೋಡದೆ, ಒಂದೊಂದೇ ಹಂಚುತ್ತ ಹೋದರು. ಬೀಜ ಮುಗಿದ ಕಡೆಯಲ್ಲಿ ಖಾಲಿ ಗುಳಿಯನ್ನು ಬೆರಳಿನಿಂದ ಸವರಿ, ಅದರಾಚೆಯ ಗುಳಿಯಲ್ಲಿದ್ದುದನ್ನು ಬಾಚಿಕೊಂಡು ಮಡಿಲಿಗೆ ಹಾಕಿಕೊಂಡರು. ಬೆಳಗಿನಿಂದ ನಡುಗುತ್ತಿದ್ದ ಕೈ ಆಗ ನಡುಗಲಿಲ್ಲ.

ಆಟ ಎರಡು ಸುತ್ತು ಸಾಗಿತು. ಸೋಲುವ ಹೊತ್ತಿಗೆ ನನ್ನ ಮಗಳು ಒಂದು ಬೀಜವನ್ನು ಮುಷ್ಟಿಯಲ್ಲಿ ಅಡಗಿಸಿದಳು. ದೊಡ್ಡಮ್ಮ ನಕ್ಕುಬಿಟ್ಟರು.

“ಅವಳೂ ಹೀಗೇ ಕಣೋ. ಸೋಲೋ ಹೊತ್ತಿಗೆ ಒಂದು ಬೀಜ ಬಚ್ಚಿಡೋಳು.”

“ಯಾರು ದೊಡ್ಡಮ್ಮ?” ಎಂದೆ.

“ನಿನ್ನ ತಂಗಿ ಕಣೋ. ಮರೆತೇಬಿಟ್ಟೆಯಾ?”

ನನಗೆ ತಂಗಿ ಇಲ್ಲ. ಅವರು ಮಾತನಾಡುತ್ತಿದ್ದುದು ನನ್ನೊಡನಲ್ಲ, ನಮ್ಮ ತಂದೆಯೊಡನೆ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಊರಿನ ಹಿರಿಯರೊಬ್ಬರನ್ನು ವಿಚಾರಿಸಿದಾಗ ವಿಷಯ ತಿಳಿಯಿತು. ನಮ್ಮ ತಂದೆಗೆ ಒಬ್ಬ ತಂಗಿಯಿದ್ದಳು. ಒಂಬತ್ತನೆಯ ವಯಸ್ಸಿನಲ್ಲಿ ಜ್ವರ ಬಂದು ಹೋದಳು. ಹದಿನಾರಕ್ಕೆ ಸೊಸೆಯಾಗಿ ಆ ಮನೆಗೆ ಬಂದ ದೊಡ್ಡಮ್ಮನಿಗೆ ಮಧ್ಯಾಹ್ನದ ಜೊತೆಗಾತಿ ಆ ನಾದಿನಿಯೇ. ಅವಳ ಭಾವಚಿತ್ರವಿಲ್ಲ, ಶಾಲೆಯ ದಾಖಲೆಯೂ ಇದ್ದಂತಿಲ್ಲ. ನಮ್ಮ ತಂದೆ ಅವಳ ಹೆಸರೆತ್ತಿದ್ದನ್ನು ನಾನು ಕೇಳಿರಲಿಲ್ಲ. ಅವಳು ಈ ಲೋಕದಲ್ಲಿ ಇದ್ದಳೆಂಬುದಕ್ಕೆ ಉಳಿದಿದ್ದ ಸಾಕ್ಷಿ, ಹೆಸರುಗಳನ್ನೆಲ್ಲ ಮರೆತ ಒಬ್ಬ ಮುದುಕಿಯ ಬೆರಳುಗಳಲ್ಲಿ, ಒಂದು ಮಣೆಯ ಹದಿನಾಲ್ಕು ಗುಳಿಗಳ ನಡುವೆ ಇತ್ತು. ‘ನಿಮ್ಮ ಹಳೆಯ ದಿನಗಳನ್ನು ಹೇಳಿ’ ಎಂದು ನಾವು ಎಷ್ಟು ಕೇಳಿದ್ದರೂ ಅದು ಹೊರಗೆ ಬರುತ್ತಿರಲಿಲ್ಲ.

ಹೀಗೆಂದ ಮೇಲೆ ಹವ್ಯಾಸಗಳಲ್ಲಿ ಒಂದು ವ್ಯತ್ಯಾಸವನ್ನು ಗುರುತಿಸಬೇಕಾಗುತ್ತದೆ. ಕೈಯೋ ಕಂಠವೋ ಕಲಿತು ಮಾಡುವಂಥವು ಕೆಲವು. ಬಂದದ್ದನ್ನು ಸ್ವೀಕರಿಸುವಂಥವು ಕೆಲವು. ಎರಡನೆಯದು ಕೀಳೆಂದು ನಾನು ಹೇಳುತ್ತಿಲ್ಲ. ಸಂಗೀತ ಕೇಳುವವರಿಲ್ಲದೆ ಹಾಡುವವನೇನು ಮಾಡಿಯಾನು? ಆದರೆ ಕೇಳುವುದು ಒಮ್ಮೊಮ್ಮೆ ಮಾಡುವುದಾಗಿ ಬೆಳೆಯುತ್ತದೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ ಮೂವತ್ತು ವ್ಯಾಟಿನ ಪುಟ್ಟ ಯಂತ್ರವಿಟ್ಟು ಬಾನುಲಿ ಪ್ರಸಾರ ಆರಂಭಿಸಿದರು. ಯಾವ ಸರಕಾರವೂ ಅವರಿಗೆ ಆ ಕೆಲಸ ವಹಿಸಿರಲಿಲ್ಲ. ಆ ಮನೆಯ ನಿಲಯಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರನ್ನು ಮುಂದೆ ಇಡೀ ಭಾರತದ ಬಾನುಲಿ ತನ್ನದಾಗಿಸಿಕೊಂಡಿತು. ಇನ್ನೂ ಹಿಂದೆ ಹೋದರೆ, ೧೮೩೧ರಲ್ಲಿ ರಾಜ್ಯದ ಆಡಳಿತ ಇಂಗ್ಲಿಷರ ಕೈಸೇರಿದ ಮೇಲೂ ಬದುಕಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಮಣೆಯಾಟಗಳಲ್ಲಿ ಅಪಾರ ಆಸಕ್ತಿ ತಳೆದಿದ್ದರು. ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಒಂದಾದ ಕೌತುಕನಿಧಿ ಆಟಗಳಿಗೇ ಮೀಸಲಾಗಿದೆ. ನಮ್ಮ ಅಜ್ಜಿಯರು ಜಗಲಿಯ ಮೇಲೆ ಆಡಿದ ಆಟಗಳಿಗೆ ಅರಮನೆಯಲ್ಲಿಯೂ ಮಣೆ ಹಾಕಿದ್ದರು.

ಕೈಬಿಡದ ಅಭ್ಯಾಸವು ಊರು ಬಿಟ್ಟವನನ್ನು ಊರಿಗೆ ಹೇಗೆ ಕಟ್ಟಿಡುತ್ತದೆ ಎಂಬುದಕ್ಕೆ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು. ಕಾವೇರಿಯ ದಡದ ಈ ಸಣ್ಣ ಊರು ಕರ್ನಾಟಕ ಸಂಗೀತಕ್ಕೆ ಕೊಟ್ಟ ವಿದ್ವಾಂಸರು ಹಲವರು. ಆರ್. ಕೆ. ಶ್ರೀಕಂಠನ್ (೧೯೨೦–೨೦೧೪) ಹುಟ್ಟಿದ್ದು ಇಲ್ಲಿ. ರುದ್ರಪಟ್ಣಂ ಸಹೋದರರೆಂದು ಹೆಸರಾದ ತ್ಯಾಗರಾಜನ್, ತಾರಾನಾಥನ್ ಅವರ ಮೂಲವೂ ಇದೇ. ಇವರ ಹೆಸರಿನ ಮುಂದಿರುವ ‘ಆರ್’ ಎಂಬ ಅಕ್ಷರ ಊರಿನದು. ಬದುಕು ಅವರನ್ನು ಮೈಸೂರು ಬೆಂಗಳೂರುಗಳಿಗೆ ಕರೆದೊಯ್ದರೂ ಹೆಸರಿನಲ್ಲಿ ಊರು ಉಳಿಯಿತು. ಆದರೆ ಎಷ್ಟೋ ಮಂದಿಯ ಹೆಸರಿನಲ್ಲಿ ಊರಿನ ಅಕ್ಷರವಿದೆ. ಅದೊಂದರಿಂದಲೇ ಅವರಿಗೆ ಊರಿನ ನೆನಪು ಉಳಿದಿಲ್ಲ. ಇವರಿಗೆ ಉಳಿದದ್ದು ಎಳವೆಯಲ್ಲಿ ಮನೆಯಲ್ಲಿಯೇ ಕಂಠಕ್ಕೆ ಬಂದುದನ್ನು ದಿನದಿನವೂ ಸಾಧನೆ ಮಾಡಿಕೊಂಡು ಬಂದದ್ದರಿಂದ. ಶ್ರೀಕಂಠನ್ ಅವರು ತೊಂಬತ್ತು ದಾಟಿದ ಮೇಲೂ ಕಚೇರಿ ಮಾಡಿದರು. ಅದೇ ಊರಿನ ಆರ್. ಕೆ. ಪದ್ಮನಾಭ ಅವರು ಊರಿಗೆ ಹಿಂತಿರುಗಿ ತಂಬೂರಿಯ ಆಕಾರದಲ್ಲಿ ಸಪ್ತಸ್ವರ ದೇವತೆಗಳ ಮಂದಿರ ಕಟ್ಟಿಸಿದರು. ಬಾಲ್ಯ ಅವರ ಪಾಲಿಗೆ ಹಿಂದೆ ಬಿಟ್ಟುಬಂದ ಕಾಲವಾಗಿ ಉಳಿಯಲಿಲ್ಲ; ಬೆಳಗಿನ ಸಾಧಕದಲ್ಲಿ ಅದು ದಿನವೂ ಜೊತೆಗಿತ್ತು.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ಅದು ನ್ಯಾಯವಾದದ್ದೇ. ಎಲ್ಲರ ಬಾಲ್ಯವೂ ನೆನೆಯತಕ್ಕದ್ದೆ? ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್. ಎಲ್. ಭೈರಪ್ಪನವರು ಪ್ಲೇಗಿನಿಂದ ತಾಯಿಯನ್ನೂ ಒಡಹುಟ್ಟಿದವರನ್ನೂ ಕಳೆದುಕೊಂಡವರು. ‘ಗೃಹಭಂಗ’ವನ್ನೂ (೧೯೭೦) ಆತ್ಮಕಥೆ ‘ಭಿತ್ತಿ’ಯನ್ನೂ (೧೯೯೬) ಓದಿದವರಿಗೆ ಆ ನೆಲದ ಬಾಲ್ಯ ಕಾಗದದ ದೋಣಿಯ ಬಾಲ್ಯವಲ್ಲವೆಂದು ತಿಳಿದಿದೆ. ಗೌಡರ ಮನೆಯ ದನ ಕಾಯಲು ಜೀತಕ್ಕೆ ಬಿದ್ದ ಮಗುವಿಗೆ ಹವ್ಯಾಸವೆಂಬ ಮಾತೇ ಪರಿಹಾಸ್ಯ. ಜೀತಪದ್ಧತಿ ಕಾನೂನಿನಿಂದ ರದ್ದಾದದ್ದೇ ೧೯೭೬ರಲ್ಲಿ. ಅಂಥವರಿಗೆ ಮರೆವು ಒಂದು ಕರುಣೆಯಾಗಿರಬಹುದು. ಅದನ್ನು ಕೆದಕುವ ಹಕ್ಕು ಹೊರಗಿನವರಿಗಿಲ್ಲ. ಆದರೆ ದನ ಕಾಯುವ ಮಕ್ಕಳು ಕೂಡ ಬಿದಿರಿನ ತುಂಡಿನಲ್ಲಿ ಕೊಳಲು ಕೊರೆದರು, ಕವಣೆ ಹೆಣೆದರು, ಬಂಡೆಯ ಮೇಲೆ ಗೆರೆ ಎಳೆದು ಕಲ್ಲಿನ ಕಾಯಿ ನಡೆಸಿದರು. ಕಷ್ಟದ ನಡುವೆ ಅವರು ತಮಗಾಗಿ ಕದ್ದುಕೊಂಡ ಹೊತ್ತು ಅದು. ನೆನಪು ಸಿಹ್ಯಾಗಿರಬೇಕೆಂಬ ನಿಯಮವಿಲ್ಲ, ತನ್ನದಾಗಿದ್ದರೆ ಸಾಕು.

ಹೆಂಗಸರ ವಿಷಯದಲ್ಲಿ ನಮ್ಮ ಅರ್ಜಿಗಳು ಇನ್ನೊಂದು ಬಗೆಯ ಅನ್ಯಾಯ ಮಾಡುತ್ತವೆ. ನಸುಕಿನಲ್ಲಿ ಎದ್ದು ಸಾರಿಸಿದ ನೆಲದ ಮೇಲೆ ಹದಿನೈದು ಚುಕ್ಕಿಯ ರಂಗವಲ್ಲಿಯನ್ನು ಒಂದು ಗೆರೆಯೂ ತಪ್ಪದಂತೆ ಎಳೆಯುವಾಕೆ ‘ನಿಮ್ಮ ಹವ್ಯಾಸವೇನು’ ಎಂದರೆ ‘ಏನೂ ಇಲ್ಲ’ ಎನ್ನುತ್ತಾಳೆ. ಮಣಿಯ ತೋರಣ, ಕಸೂತಿ, ನವರಾತ್ರಿಯ ಗೊಂಬೆಗೆ ಪ್ರತಿವರ್ಷ ಸೀರೆ ಉಡಿಸುವುದು, ಹಸೆಗೆ ಕರೆಯುವ ಹಾಡು, ಇವೆಲ್ಲ ಮನೆಗೆಲಸದ ಲೆಕ್ಕಕ್ಕೆ ಸೇರಿಹೋಗಿವೆ. ಆದರೆ ಗಮನಿಸಿ ನೋಡಿದರೆ, ತವರಿನ ನೆನಪನ್ನು ಗಂಡಸರಿಗಿಂತ ಹೆಚ್ಚು ತಾಜಾ ಆಗಿ ಉಳಿಸಿಕೊಂಡವರು ಈ ಹೆಂಗಸರೇ. ತಾಯಿಯ ಕೈ ಹಿಡಿದು ಕಲಿತ ಚುಕ್ಕಿ ಅವರ ಬೆರಳಲ್ಲಿ ದಿನವೂ ಬೆಳಗಾಗುತ್ತದೆ. ಚುಕ್ಕಿಯ ಲೆಕ್ಕ ಯಾರಿಂದ ಕಲಿತಿರಿ ಎಂದು ಕೇಳಿ ನೋಡಿ. ಅರ್ಧ ಗಂಟೆಯ ಕಥೆ ಹೊರಡುತ್ತದೆ.

ಇಂದಿನ ಹೊತ್ತಿನ ದೊಡ್ಡ ಹವ್ಯಾಸ ಕೈಫೋನಿನದು. ಅದನ್ನು ಬಯ್ಯುವುದು ಹಿರಿಯರ ಹವ್ಯಾಸವಾಗಿಬಿಟ್ಟಿರುವುದರಿಂದ ನಾನು ಆ ಗುಂಪಿಗೆ ಸೇರಲಾರೆ. ಒಂದು ಸಂಗತಿಯನ್ನು ಮಾತ್ರ ಹೇಳಬಹುದು. ಲಿಂಡಾ ಹೆಂಕೆಲ್ ಎಂಬ ಮನಶ್ಶಾಸ್ತ್ರಜ್ಞೆ ಅಮೆರಿಕದ ವಸ್ತುಸಂಗ್ರಹಾಲಯವೊಂದರಲ್ಲಿ ನಡೆಸಿ ೨೦೧೪ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಜನ ಬರಿಗಣ್ಣಿನಿಂದ ನೋಡಿದ ವಸ್ತುಗಳಿಗಿಂತ ಚಿತ್ರ ತೆಗೆದುಕೊಂಡ ವಸ್ತುಗಳನ್ನೇ ಹೆಚ್ಚು ಮರೆತಿದ್ದರು. ಚಿತ್ರ ಯಂತ್ರದಲ್ಲಿದೆ ಎಂಬ ಭರವಸೆಯಿಂದ ಕಣ್ಣು ತನ್ನ ಕೆಲಸವನ್ನು ಅದಕ್ಕೇ ಬಿಟ್ಟಿತ್ತೆಂದು ತೋರುತ್ತದೆ. ಆದರೆ ವಸ್ತುವಿನ ಒಂದು ಭಾಗವನ್ನೇ ಆಯ್ದು, ಹತ್ತಿರಕ್ಕೆ ಎಳೆದು ಚಿತ್ರಿಸಿದಾಗ ನೆನಪು ಹಾಗೆ ಕುಂದಲಿಲ್ಲ. ಯಂತ್ರವೇ ದೋಷವಲ್ಲ ಎಂದಾಯಿತು. ಏನನ್ನು ಹಿಡಿಯಬೇಕೆಂದು ಆರಿಸುವ ಕೆಲಸ ನಮ್ಮದಾದಾಗ ಯಂತ್ರವೂ ಕೈಯ ವಿಸ್ತರಣವಾಗುತ್ತದೆ. ಬೆಳಗಿನಿಂದ ರಾತ್ರಿಯವರೆಗೆ ಹೆಬ್ಬೆರಳು ಒಂದೇ ರೀತಿಯಲ್ಲಿ ಸರಿದಾಡಿದರೆ, ಎಲ್ಲರ ಹೆಬ್ಬೆರಳೂ ಒಂದೇ ರೀತಿಯಲ್ಲಿ ಸರಿದಾಡಿದರೆ, ಮುಂದೆ ಬರೆಯುವ ಬಾಲ್ಯದ ಪ್ರಬಂಧಗಳೂ ಒಂದೇ ಆಗುವುದರಲ್ಲಿ ಆಶ್ಚರ್ಯವೇನು?

ಈಚೆಗೆ ನಾನು ತರಗತಿಯಲ್ಲಿ ಪ್ರಬಂಧದ ವಿಷಯವನ್ನು ಬದಲಾಯಿಸಿದ್ದೇನೆ. ‘ಹತ್ತು ವರ್ಷ ತುಂಬುವುದರೊಳಗೆ ನಿಮ್ಮ ಕೈ ಕಲಿತ ಒಂದು ಕೆಲಸ, ಅದನ್ನು ತಿಳಿಯದವನಿಗೆ ಹೇಳಿಕೊಡಿ’ ಎಂಬುದು ವಿಷಯ. ಬಾಲ್ಯ ಎಂಬ ಪದವನ್ನು ಬಳಸಕೂಡದೆಂದು ಒಂದು ಷರತ್ತು. ಮೊದಲ ಹತ್ತು ನಿಮಿಷ ಯಾರೂ ಬರೆಯಲಿಲ್ಲ. ಆಮೇಲೆ ಬಂದ ಬರೆಹಗಳನ್ನು ನಾನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ತೆಂಗಿನ ನಾಡಾದ ಚನ್ನರಾಯಪಟ್ಟಣದ ಕಡೆಯ ಹುಡುಗನೊಬ್ಬ ಎಳೆಗರಿಯಿಂದ ಪೀಪಿ ಸುತ್ತುವುದನ್ನು ಬರೆದ. ಗರಿಯ ಮೊದಲ ಸುತ್ತು ಸಡಿಲವಾದರೆ ಸ್ವರ ಹೊರಡುವುದಿಲ್ಲವೆಂದು ಎಚ್ಚರಿಸಿದ. ನಡುವೆ ಒಂದು ಸಾಲಿನಲ್ಲಿ, ಅದನ್ನು ಕಲಿಸಿದ ಅಣ್ಣ ಈಗ ಮಾತು ಬಿಟ್ಟಿದ್ದಾನೆ ಎಂದು ಸೇರಿಸಿದ್ದ. ಆಲೂಗಡ್ಡೆ ಕಿತ್ತಾದ ಹೊಲದಲ್ಲಿ ಉಳಿದ ಗಡ್ಡೆ ಆಯುವ ವಿದ್ಯೆಯನ್ನು ಒಬ್ಬ ಹುಡುಗಿ ಬರೆದಳು. ಮಳೆ ಬಿದ್ದ ಮರುದಿನ ಹೋಗಬೇಕು. ಮಣ್ಣು ತೊಳೆದು ಗಡ್ಡೆಯ ಬೆನ್ನು ಕಾಣುತ್ತದೆ. ಮೊದಲು ಕಾಲಿನ ಹೆಬ್ಬೆರಳಿನಿಂದ ಒತ್ತಿ ನೋಡಬೇಕು, ಕಲ್ಲಾದರೆ ಜಗ್ಗುವುದಿಲ್ಲ. ಅದು ಆಟವಾಗಿತ್ತೋ ಹಸಿವಾಗಿತ್ತೋ ಎಂದು ಆಕೆ ಹೇಳಿರಲಿಲ್ಲ, ನಾನೂ ಕೇಳಲಿಲ್ಲ. ಅರವತ್ತು ಬರೆಹಗಳಲ್ಲಿ ಒಂದರಂತೆ ಇನ್ನೊಂದು ಇರಲಿಲ್ಲ.

ಏನನ್ನೂ ಬರೆಯಲಾರದೆ ಖಾಲಿ ಹಾಳೆ ಕೊಟ್ಟವರೂ ಕೆಲವರಿದ್ದರು. ಅವರಲ್ಲಿ ಒಬ್ಬ ಮರುವಾರ ಬಂದು, ಊರಿಗೆ ಹೋಗಿ ತಾತನಿಂದ ಗಾಳಕ್ಕೆ ದಾರ ಕಟ್ಟುವುದನ್ನು ಕಲಿತೆನೆಂದೂ, ಹತ್ತು ವರ್ಷದೊಳಗೆ ಕಲಿತದ್ದಲ್ಲವಾದರೂ ಬರೆಯಬಹುದೇ ಎಂದೂ ಕೇಳಿದ. ಬರೆಯಬಹುದೆಂದೆ. ತಾತನ ಊರು ಹೇಮಾವತಿಯ ಹಿನ್ನೀರಿಗೆ ಸೇರಿದ್ದು. ಅವರು ನದಿಯಲ್ಲಿ ಹಿಡಿದ ಮೀನುಗಳ ಹೆಸರನ್ನು ಗಂಟು ಹಾಕುತ್ತ ಹಾಕುತ್ತ ಒಂದೊಂದಾಗಿ ಹೇಳಿದರಂತೆ. ಆ ಹೆಸರುಗಳಲ್ಲಿ ಹಲವು ನನಗೆ ಹೊಸವು.

ಭಾನುವಾರದ ಬಿಡುವಿನಲ್ಲಿ ಇದನ್ನು ಓದುತ್ತಿರುವವರ ಮನೆಗಳಲ್ಲಿಯೂ ಹಿರಿಯರಿರಬಹುದು. ನಿಮ್ಮ ಬಾಲ್ಯದ ಕಥೆ ಹೇಳಿ ಎಂದು ಅವರನ್ನು ಕೇಳಿದರೆ ಈಗಾಗಲೇ ಹತ್ತು ಸಲ ಹೇಳಿದ ಕಥೆಯನ್ನೇ ಹೇಳಿಯಾರು. ಅದರ ಬದಲು ಬುಗುರಿಗೆ ಚಾಟಿ ಸುತ್ತುವುದು ಹೇಗೆ, ಹೂವಿನ ದಂಡೆಗೆ ಬಾಳೆನಾರನ್ನು ಹದ ಮಾಡುವುದು ಹೇಗೆ, ಗಜ್ಜುಗದ ಆಟದಲ್ಲಿ ಐದನ್ನೂ ಒಟ್ಟಿಗೆ ಹಿಡಿಯುವುದು ಹೇಗೆ ಎಂದು ಕೇಳಿ ನೋಡಬಹುದು. ಕೇಳಿ ಸುಮ್ಮನಾಗದೆ ಚಾಟಿಯನ್ನೋ ನಾರನ್ನೋ ಅವರ ಕೈಗೆ ಕೊಡಬೇಕು. ಹತ್ತಿರದಲ್ಲಿ ಮಗುವೊಂದು ಇದ್ದರೆ ಅದನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುವುದು ಒಳ್ಳೆಯದು.